ಗುಂಡಿಯ ತಳದ ಬಳೆ

ರೋಡ್ ರೋಲರ್ ಎದುರಿಗೆ ಪಾಪಮ್ಮ ಚಕ್ಕಳಮಕ್ಕಳ ಹಾಕಿ ಕೂತಿದ್ದಳು.

ಮುಂದಿನ ಕಬ್ಬಿಣದ ಉರುಳೆಗೂ ಅವಳ ಮಂಡಿಗೂ ನಡುವೆ ಒಂದು ಜಲ್ಲಿ ಬುಟ್ಟಿ ಇಡುವಷ್ಟು ಜಾಗವಿತ್ತು. ಎಂಜಿನ್ ಓಡುತ್ತಲೇ ಇತ್ತು. ಧಡಧಡ ಸದ್ದಿಗೆ ಕೆರೆ ಏರಿಯ ನೆಲ ಸಣ್ಣಗೆ ನಡುಗುತ್ತಿತ್ತು.

"ಹತ್ಸು ಕಣೋ ಕೆಂಪರಾಜ. ನನ್ ಮೇಲೆ ಹತ್ಸಿ ಆಮೇಲೆ ಗುಂಡಿ ಮುಚ್ಚು."

"ಏನಕ್ಕಾ ನೀನು, ಬೆಳಿಗ್ಗೆ ಬೆಳಿಗ್ಗೆ..." ರೋಲರ್ ಚಾಲಕ ಕೆಂಪರಾಜ್ ಸೀಟಿನಿಂದ ಇಳಿದ. ಏರಿ ರಸ್ತೆ ತೂಬಿನ ಕಡೆಗೆ ಇಳಿಜಾರು. ಅವನು ಬದಿಯಿಂದ ಒಂದು ಸೈಜುಗಲ್ಲು ಎತ್ತಿ ತಂದು ಉರುಳೆಗೆ ಅಡ್ಡ ಕೊಟ್ಟ. ಪಾಪಮ್ಮನ ಸೆರಗು ಉರುಳೆಗೆ ತಾಗದಂತೆ ಸರಿಸಿದ. ಎಂಜಿನ್ ಆರಿಸಿದರೆ ಮತ್ತೆ ಸ್ಟಾರ್ಟ್ ಆಗುವುದು ಕಷ್ಟ ಎಂದು ಯಾರೂ ಕೇಳದೆಯೇ ಹೇಳಿ, ಮತ್ತೆ ಹತ್ತಿ ಕೂತ.

ಪಾಪಮ್ಮನ ಬೆನ್ನ ಹಿಂದೆಯೇ ಆ ಗುಂಡಿ. ನೀರಿನ ಮೀಟರ್ ಓದುವ ಕೆಲಸದ ಹುಡುಗಿ ಕೀರ್ತನ ಕಳೆದ ವಾರ ಸ್ಕೂಟರ್ ಸಮೇತ ಸತ್ತು ಬಿದ್ದಿದ್ದ ಗುಂಡಿ. ಬುಧವಾರ ಸಂಜೆಯ ಮಳೆಯಲ್ಲಿ ಬಿದ್ದಿರಬೇಕೆಂದು ಪೊಲೀಸರ ಲೆಕ್ಕ; ಗುರುವಾರ ಬೆಳಿಗ್ಗೆ ಶವ ಕಂಡು ಠಾಣೆಗೆ ಫೋನ್ ಮಾಡಿದವನು ಕೆಂಪರಾಜ್. ರಸ್ತೆ ಅಗೆದು, ಎಚ್ಚರಿಕೆಗೆ ಒಂದು ಕೊಂಬೆಯನ್ನೂ ನೆಡದೆ ಬಿಟ್ಟುಹೋದ ಆರೋಪ ನಗರಸಭೆಯ ರಸ್ತೆ ಗ್ಯಾಂಗಿನ ಮೇಸ್ತ್ರಿ ಪಾಪಮ್ಮನ ಮೇಲಿತ್ತು.

ಜೀಪಿನಿಂದ ಇಳಿದ ಪಿಎಸ್‌ಐ ಭಾನುಪ್ರಿಯಾ ಮೊದಲು ರೋಲರನ್ನು ನೋಡಿದಳು. ಆಮೇಲೆ ಅದರ ಪಕ್ಕದಲ್ಲಿ ಪೇರಿಸಿದ್ದ ಚೀಲಗಳನ್ನು. ಸಂಜೆಯೊಳಗೆ ಪಾಪಮ್ಮನ ಬಂಧನ ತೋರಿಸಬೇಕೆಂದು ಮೇಲಿನಿಂದ ಫೋನ್ ಬಂದಿತ್ತು. ಗುಂಡಿ ಮುಚ್ಚುತ್ತಾರೆಂದು ಯಾರೂ ಹೇಳಿರಲಿಲ್ಲ.

"ಯಾರು ಮುಚ್ಚೋಕೆ ಹೇಳಿದ್ದು?"

"ನಾನೇ ಮೇಡಮ್." ಸಹಾಯಕ ಎಂಜಿನಿಯರ್ ನವೀನ್‌ಕುಮಾರ್ ಛತ್ರಿ ಮಡಚುತ್ತ ಮುಂದೆ ಬಂದ. ಜಿನುಗು ಮಳೆ ಆಗಷ್ಟೇ ನಿಂತಿತ್ತು. "ಸತ್ತಿದ್ದಾರೆ, ಪೇಪರಲ್ಲಿ ಬಂದಿದೆ, ಇನ್ನೂ ಗುಂಡಿ ಹಂಗೇ ಬಿಟ್ರೆ ಜನ ನಮ್ಮನ್ನ ಬಿಡ್ತಾರಾ? ನಿಮ್ಮ ಪಂಚನಾಮೆ ಮುಗಿದಿದೆಯಲ್ಲ."

"ಮಳೇಲಿ ಡಾಂಬರು ಹಾಕ್ತಾರಂತೆ!" ಪಾಪಮ್ಮ ಕೂತಲ್ಲಿಂದಲೇ ಕೂಗಿದಳು. "ಶ್ರಾವಣದಾಗೆ ಡಾಂಬರು ಹಾಕಿದ್ದು ಯಾವ ಊರಲ್ಲಿ ಕಂಡಿದ್ದೀರಿ? ಮುಚ್ಚಾಕೋಕೆ ಬಂದವ್ರೆ ಮೇಡಮ್, ಮುಚ್ಚಾಕೋಕೆ!"

"ಅದು ಡಾಂಬರಲ್ಲಮ್ಮ, ಕೋಲ್ಡ್ ಮಿಕ್ಸ್. ಬಿಸಿ ಮಾಡೋದು ಬೇಡ, ಚೀಲ ಬಿಚ್ಚಿ ಸುರಿದು ಅದುಮಿದ್ರೆ ಆಯ್ತು. ಮಳೇಲೂ ಕೂರುತ್ತೆ. ಈ ವರ್ಷದಿಂದ ಬಂದಿದೆ."

ಅವನು ಹೇಳಿದ್ದು ನಿಜ. ಚೀಲದ ಮೇಲೆಯೇ ಹಾಗೆ ಬರೆದಿತ್ತು. ಪಾಪಮ್ಮ ಚೀಲಗಳ ಕಡೆ ಒಮ್ಮೆ ನೋಡಿದಳು, ಆದರೆ ಏಳಲಿಲ್ಲ.

ಅವಳ ಸಿಟ್ಟಿಗೂ ಕಾರಣವಿತ್ತು. ಅರಳುಘಟ್ಟದಂಥ ಸಣ್ಣ ಊರಿನ ರಸ್ತೆಗಳಿಗೆ ಒಂದು ಪಂಚಾಂಗವಿದೆ. ಯುಗಾದಿ ಕಳೆದ ಮೇಲೆ ಮಳೆ ಬೀಳುವ ತನಕ ಡಾಂಬರು. ಮಳೆಗೆ ಮುಂಚೆ ಚರಂಡಿಯ ಹೂಳು. ಮಳೆ ಹಿಡಿದ ಮೇಲೆ ಗುಂಡಿಗೆ ಬರೀ ಜಲ್ಲಿ, ಕ್ರಷರ್ ಪುಡಿ. ಅದಕ್ಕೆಂದೇ ಮೂಲೆ ಮೂಲೆಯಲ್ಲಿ ಜಲ್ಲಿ ರಾಶಿ ಹಾಕಿಟ್ಟಿರುತ್ತಾರೆ, ಅದುಮುವುದು ಕೈದಿಮ್ಮಿಯಿಂದ. ದಸರಾ ಮುಗಿದರೆ ಮತ್ತೆ ಡಾಂಬರು. ಚಳಿಗಾಲದಲ್ಲಿ ಬದಿಯ ಗಿಡ ಸವರಿ, ಹಂಪ್‌ಗಳಿಗೆ ಬಿಳಿ ಬಣ್ಣ. ನಗರಸಭೆಯ ಕಾಂಪೌಂಡ್ ಗೋಡೆಯ ಮೇಲೆಯೇ ಇದನ್ನು ಬರೆಸಿದ್ದಾರೆ. ಆ ಪಂಚಾಂಗದಲ್ಲಿ ಮಳೆಗಾಲದ ರೋಲರ್ ಎಂಬುದೇ ಇರಲಿಲ್ಲ.

"ರೋಲರ್ ಯಾವಾಗ ಹೊರಗೆ ತೆಗೆದ್ರಿ?"

"ಇವತ್ತೇ ಮೇಡಮ್. ಮಳೆ ಶುರುವಾದಾಗಿನಿಂದ ನಗರಸಭೆ ಷೆಡ್ಡಲ್ಲೇ ಇತ್ತು."

"ಮೊದಲ ಚೀಲ ಈ ಗುಂಡಿಗೇ ಬೀಳಬೇಕಿತ್ತಾ? ಆಸ್ಪತ್ರೆ ರಸ್ತೇಲಿ ಆಂಬುಲೆನ್ಸ್ ಹೋಗೋಕೆ ಆಗ್ತಿಲ್ಲ."

"ಆಸ್ಪತ್ರೆ ರಸ್ತೆಯೇ ಮೊದಲು ಅಂತಿತ್ತು. ಇದು ಷೆಡ್ಡಿಗೆ ಹತ್ತಿರ, ಇಲ್ಲಿಂದ್ಲೇ ಶುರು ಮಾಡಣ ಅಂತ ಕೆಂಪರಾಜ್ ಅಂದ. ಅದೂ ಸರಿಯೇ ಅನ್ನಿಸ್ತು."

ಭಾನುಪ್ರಿಯಾ ಪಾಪಮ್ಮನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಪಾಪಮ್ಮನ ಹಿಂದೆ, ಗುಂಡಿಯ ಆಚೆ ಬದಿಗೆ, ಗ್ಯಾಂಗಿನ ಹೆಂಗಸರು ಸಾಲಾಗಿ ನಿಂತಿದ್ದರು. ಅವರಲ್ಲಿ ಪಾಪಮ್ಮನ ಸೊಸೆ ದಿವ್ಯಳೂ ಇದ್ದಳು, ಚಳಿಗೆ ಸೆರಗನ್ನು ಮೈತುಂಬ ಹೊದ್ದು.

"ಪಾಪಮ್ಮನೋರೇ, ಏಳಿ. ನೀವು ಹೀಗೆ ಕೂತ್ರೆ ಇನ್ನೊಂದು ಕೇಸ್ ಆಗುತ್ತೆ."

"ಆಗ್ಲಿ. ಒಂದ್ ಕೇಸ್‌ಗೂ ಜೈಲೇ, ಎರಡಕ್ಕೂ ಜೈಲೇ. ಈ ಗುಂಡಿ ನಮ್ದಲ್ಲ. ಇದನ್ನ ಮುಚ್ಚಿಬಿಟ್ರೆ ನಮ್ದಲ್ಲ ಅಂತ ಹೇಳೋಕೆ ನನಗೆ ಬಾಯಿ ಬಿಟ್ಟು ಬೇರೆ ಏನೈತೆ?"

"ನಿಮ್ದಲ್ಲ ಅನ್ನೋದಕ್ಕೆ ಏನು ಗುರುತು?"

ಪಾಪಮ್ಮ ಎರಡೂ ಕೈ ಎತ್ತಿ ತೋರಿಸಿದಳು. ಮೊಣಕೈ ಕಡೆಗೆ ಏರಿದ್ದ ಹಸಿರು ಗಾಜಿನ ಬಳೆಗಳು ಜಾರಿ ಸದ್ದಾದವು. ಒಂದೊಂದರ ಮೇಲೂ ಕೂದಲಿನಷ್ಟು ತೆಳುವಾದ ಕೆಂಪು ಗೆರೆ.

"ನಮ್ ಗ್ಯಾಂಗು ರಸ್ತೆ ಒಡೆದ್ರೆ ಒಡೆದವಳು ಕೈಯಿಂದ ಒಂದು ಬಳೆ ತೆಗೆದು ತಳದಾಗೆ ಇಡ್ತಾಳೆ. ಅದರ ಮೇಲೆ ಮೊದಲ ಬುಟ್ಟಿ ಜಲ್ಲಿ. ಭೂಮ್ತಾಯಿಗೆ ಗಾಯ ಮಾಡಿರ್ತೀವಲ್ಲ ಮೇಡಮ್, ಅದಕ್ಕೆ. ನಮ್ಮತ್ತೆ ಕಾಲದಿಂದ ಐತೆ. ಹೊರಗಿನೋರು ಯಾರೂ ಮಾಡಲ್ಲ. ಅಗೆಸಿ ನೋಡಿ. ಬಳೆ ಸಿಕ್ರೆ ನಿಮ್ ಜೀಪ್ ನಾನೇ ಹತ್ತುತೀನಿ, ಯಾರೂ ಕೈ ಹಿಡಿಯೋದು ಬೇಡ."

ನವೀನ್‌ಕುಮಾರ್ ನಕ್ಕ. "ಬಳೆ ಸಾಕ್ಷಿ ಅಂತ ಕೋರ್ಟಲ್ಲಿ ಹೇಳ್ತೀರಾ ಮೇಡಮ್?"

"ಕೋರ್ಟಿಗೆ ಏನು ಹೇಳಬೇಕು ಅನ್ನೋದು ನನ್ನ ಕೆಲಸ," ಎಂದಳು ಭಾನುಪ್ರಿಯಾ. "ಅಮರ್, ಗುದ್ದಲಿ ತಗೊಳ್ಳಿ."

ಕಾನ್‌ಸ್ಟೆಬಲ್ ಅಮರ್ ಪ್ಯಾಂಟ್ ಮಡಚಿ ಗುಂಡಿಗೆ ಇಳಿದ. ಮೇಲ್ಭಾಗದಲ್ಲಿ ಸಿಕ್ಕಿದ್ದೆಲ್ಲ ಕಟ್ಟಡದ ಕಸ. ಕೀರ್ತನಳ ಶವ ಎತ್ತಿದ ಮೇಲೆ ಅಕ್ಕಪಕ್ಕದ ಮನೆಗಳವರು ಇನ್ಯಾರೂ ಬೀಳದಿರಲೆಂದು ಸುರಿದದ್ದು.

"ನಮ್ಮ ರಾಜಘಟ್ಟದಲ್ಲಿ ಅಗೆದ್ರೆ ಬುದ್ಧನ ಕಾಲದ ಇಟ್ಟಿಗೆ ಸಿಗ್ತವೆ ಮೇಡಮ್," ಎಂದ ಅಮರ್, ನೀಲಿ ತುಂಡೊಂದನ್ನು ಆಚೆ ಎಸೆಯುತ್ತ. "ಇಲ್ಲಿ ಬಾತ್‌ರೂಮ್ ಟೈಲ್ಸು."

ಹೆಂಗಸರು ನಕ್ಕರು. ದಿವ್ಯ ನಗಲಿಲ್ಲ.

ಅಷ್ಟರಲ್ಲಿ ಬುಲೆಟ್ ಬೈಕಿನ ಸದ್ದು ಕೇಳಿತು. ಏರಿಯ ಕೆಳಗಿನ ಷೆಡ್ಡಿನಿಂದ ನೆಲಮಂಗಲದ ಗೋದಾಮುಗಳಿಗೆ ದಿನವೂ ಟ್ಯಾಂಕರ್ ನೀರು ಕಳಿಸುವ ಭೀಮರಾಜ್ ಬಂದು ನಿಂತ. ಬಿಳಿ ಅಂಗಿ, ಕುತ್ತಿಗೆಯಲ್ಲಿ ದಪ್ಪ ಸರ.

"ಏನ್ ಮೇಡಮ್, ಮುಚ್ಚೋ ಗುಂಡಿ ಅಗೀತಿದ್ದೀರಾ? ನನ್ನ ಟ್ಯಾಂಕರ್ ಎಲ್ಲಿಂದ ಹೋಗ್ಬೇಕು?"

"ಆಕಾಶದಾಗೆ ಹೋಗ್ಲಿ ಬುಡು," ಎಂದಳು ಪಾಪಮ್ಮ. "ದುಡ್ಡೈತಲ್ಲ ನಿಂತಾವ."

"ಏಯ್ ಪಾಪಮ್ಮ, ನಾಲಿಗೆ ಬಿಗಿ ಇರ್ಲಿ. ಒಂದು ಹೆಣ್ಮಗು ಸಾಯಿಸಿದ್ದೀಯ..."

"ಸಾಯಿಸಿದ್ದೀನಿ ಅಂತ ಇನ್ನೊಂದ್ ಸಲ ಅನ್ನು! ಅಮ್ಮಯಮ್ಮ ನನ್ ಗ್ಯಾಂಗಲ್ಲಿ ಬುಟ್ಟಿ ಹೊರುವಾಗ ಅವಳ ಮಗಳು ಕೀರ್ತನಳನ್ನ ಜಲ್ಲಿ ರಾಶಿ ಪಕ್ಕ ಜೋಲಿ ಕಟ್ಟಿ ತೂಗಿದೋಳು ನಾನು. ಆ ಮಗೂನ ನಾನ್ ಸಾಯಿಸ್ತೀನಾ? ಬಾರೋ ಇಲ್ಲಿ, ಮುಖ ನೋಡಿ ಹೇಳು!"

ಪಾಪಮ್ಮ ಎದ್ದೇಬಿಟ್ಟಿದ್ದಳು. ಭೀಮರಾಜ್ ಬೈಕನ್ನು ತುಸು ಹಿಂದಕ್ಕೆ ತಳ್ಳಿದ.

"ಮೇಡಮ್," ಅಮರ್ ಕರೆದ. ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

ಗುಂಡಿಯ ಪಕ್ಕದ ಗೋಡೆಯಲ್ಲಿ, ಮಣ್ಣು ಕೆರೆದ ಜಾಗದಲ್ಲಿ, ಕಪ್ಪು ಪೈಪೊಂದು ಇಣುಕುತ್ತಿತ್ತು. ನಗರಸಭೆಯ ಕುಡಿಯುವ ನೀರಿನ ದೊಡ್ಡ ಕೊಳವೆಯಿಂದ ಕವಲು ತೆಗೆದದ್ದು. ಅದು ರಸ್ತೆಯ ಅಡಿಯಲ್ಲಿ ಅಡ್ಡ ಹಾದು ಏರಿಯ ಕೆಳಕ್ಕೆ ಇಳಿಯುತ್ತಿತ್ತು. ಕೆಳಗಿದ್ದದ್ದು ಒಂದೇ ಕಟ್ಟಡ. ಭೀಮರಾಜನ ಟ್ಯಾಂಕರ್ ಷೆಡ್ಡು.

ಎಲ್ಲರೂ ಅವನ ಕಡೆ ತಿರುಗಿದರು.

"ಪೈಪಿನ ಮೇಲೆ ನನ್ನ ಹೆಸರು ಬರೆದೈತಾ?" ಎಂದ ಭೀಮರಾಜ್.

"ಬರೆದಿಲ್ಲ. ಈ ಕಡೆಯಿಂದ ಹಿಡಿದು ಎಳೀತೀವಿ. ಎಲ್ಲಿ ಅಲುಗಾಡುತ್ತೋ ನೋಡೋಣ."

ಅವನು ಕನ್ನಡಕ ತೆಗೆದು ಒರೆಸಿಕೊಂಡ. "ನೀರಿನ ಕೇಸ್ ಹಾಕ್ಕೊಳ್ಳಿ ಮೇಡಮ್. ಊರಲ್ಲಿ ನಾನೊಬ್ಬನೇ ಅಲ್ಲ ಹಿಂಗೆ ಮಾಡಿರೋದು. ಪೈಪ್ ಹಾಕಿಸಿದ್ದು ಬೇಸಿಗೆಯಲ್ಲಿ, ಮೇಲೆ ಡಾಂಬರು ಹಾಕಿಸಿ ಮುಚ್ಚಿಸಿದ್ದೆ. ಮಳೆಗಾಲದಲ್ಲಿ ಗುಂಡಿ ತೆಗೆಯೋಕೆ ನನಗೆ ತಲೆ ಕೆಟ್ಟಿದೆಯಾ? ತೆಗೆದ್ರೆ ಸಿಕ್ಕಿಬೀಳೋನು ನಾನೇ."

ಅದನ್ನು ಭಾನುಪ್ರಿಯಾ ಮನಸ್ಸಿನಲ್ಲೇ ತೂಗಿದಳು. ಕಳ್ಳ ತಾನು ಬಚ್ಚಿಟ್ಟದ್ದನ್ನು ತಾನೇ ಬಗೆದು ರಸ್ತೆಯ ನಡುವೆ ಬಿಡುವುದಿಲ್ಲ. ಹಾಗಾದರೆ ಈ ಗುಂಡಿ ತೆಗೆದವರಿಗೆ ಬೇಕಿದ್ದದ್ದು ಪೈಪನ್ನು ಮುಚ್ಚುವುದಲ್ಲ, ನೋಡುವುದು.

"ಬೇಸಿಗೆಯಲ್ಲಿ ಇದರ ಮೇಲೆ ಡಾಂಬರು ಹಾಕಿಕೊಟ್ಟವರು ಯಾರು?"

ಭೀಮರಾಜನ ಕಣ್ಣು ಒಮ್ಮೆ ರೋಲರಿನ ಸೀಟಿನ ಕಡೆ ಹೋಗಿ ಬಂತು. "ವಕೀಲರ ಹತ್ರ ಮಾತಾಡಿ ಹೇಳ್ತೀನಿ."

ಭಾನುಪ್ರಿಯಾ ಒತ್ತಾಯಿಸಲಿಲ್ಲ. ಗುಂಡಿಯ ಕಡೆ ಬಾಗಿದಳು. ಕಟ್ಟಡದ ಕಸದ ಅಡಿಯಲ್ಲಿ ಈಗ ಬೇರೆಯೇ ಪದರ ಕಾಣುತ್ತಿತ್ತು. ಒಂದೇ ಗಾತ್ರದ ಜಲ್ಲಿ, ಮಟ್ಟಸವಾಗಿ ಹರಡಿ ಅದುಮಿದ್ದು. ಏರಿಯ ಮೂಲೆಯ ನಗರಸಭೆ ರಾಶಿಯಿಂದಲೇ ಬಂದದ್ದೆಂದು ಹೇಳಲು ಎಂಜಿನಿಯರ್ ಬೇಕಿರಲಿಲ್ಲ. ಸ್ಕೂಟರ್ ಬಿದ್ದ ಗುರುತು ಈ ಪದರದ ಮೇಲಿತ್ತು, ಕೆಳಗಲ್ಲ. ಅಂದರೆ ಕೀರ್ತನ ಸಾಯುವ ಮುಂಚೆಯೇ ಯಾರೋ ಗುಂಡಿಯನ್ನು ಸರಿಯಾದ ರೀತಿಯಲ್ಲಿ ಮುಚ್ಚಲು ಶುರು ಮಾಡಿದ್ದರು. ಮುಗಿಸಿರಲಿಲ್ಲ.

"ಕೈಯಲ್ಲಿ ತೆಗೀರಿ ಅಮರ್. ಗುದ್ದಲಿ ಬೇಡ."

ಅಮರ್ ಮಂಡಿಯೂರಿ ಜಲ್ಲಿಯನ್ನು ಬೊಗಸೆಯಲ್ಲಿ ಎತ್ತಿಡತೊಡಗಿದ. ರೋಲರಿನ ಎಂಜಿನ್ ಧಡಧಡ ಅನ್ನುತ್ತಲೇ ಇತ್ತು.

ಅವನ ಕೈ ನಿಂತಿತು.

ಎರಡು ಬೆರಳಲ್ಲಿ ಅವನು ಎತ್ತಿ ಹಿಡಿದದ್ದು ಹಸಿರು ಗಾಜಿನ ಬಳೆ. ಒಡೆದಿರಲಿಲ್ಲ.

ಗ್ಯಾಂಗಿನ ಹೆಂಗಸರ ಸಾಲಿನಿಂದ ಯಾರೋ "ಅಯ್ಯಯ್ಯೋ" ಅಂದರು. ನವೀನ್‌ಕುಮಾರ್ ಕೈ ಕಟ್ಟಿ ನಿಂತ. "ಆಯ್ತಲ್ಲ ಮೇಡಮ್. ಅವರ ಬಾಯಿಂದ್ಲೇ ಬಂದ ಸಾಕ್ಷಿ."

ಪಾಪಮ್ಮ ಬಳೆಯನ್ನು ನೋಡಿದಳು. ಅವಳ ಮುಖದಲ್ಲಿ ಕಂಡದ್ದು ಹೆದರಿಕೆಯಲ್ಲ, ಅರ್ಥವಾಗದಿರುವಿಕೆ. ಸೀರೆಯ ಹಿಂಬದಿಗೆ ಅಂಟಿದ್ದ ಕ್ರಷರ್ ಪುಡಿ ಕೊಡವಿದಳು.

"ಹೆಂಗೆ ಬಂತೋ ನನಗೆ ಗೊತ್ತಿಲ್ಲ. ಆದ್ರೆ ಆಡಿದ ಮಾತು ಆಡಿದ್ದೇ. ಜೀಪ್ ಎಲ್ಲಿ?"

ಹೇಳಿದವಳೇ ಜೀಪಿನ ಕಡೆ ನಡೆದಳು. ಯಾರೂ ಕೈ ಹಿಡಿಯಬೇಕಾಗಲಿಲ್ಲ.

"ನಿಲ್ಲಿ," ಎಂದಳು ಭಾನುಪ್ರಿಯಾ. "ಬಳೆಯಲ್ಲಿ ಕೆಂಪು ಗೆರೆ ಇಲ್ಲ."

ಅವಳು ಬಳೆಯನ್ನು ಬೆಳಕಿಗೆ ಹಿಡಿದಳು. ಬರೀ ಹಸಿರು, ಅದರ ಮೇಲೆ ಚಿನ್ನದ ಬಣ್ಣದ ಚುಕ್ಕಿಗಳು. ಗಾತ್ರ ಚಿಕ್ಕದು, ಎಳೆಯ ಕೈಗೆ ಆಗುವಂಥದ್ದು.

ಒಂದು ವಾರದಿಂದ ಅವಳನ್ನು ಕಾಡುತ್ತಿದ್ದ ಸಣ್ಣ ವಿಷಯ ಈಗ ಎದ್ದು ಬಂತು. ಶವದ ಫೋಟೊದಲ್ಲಿ ಕೀರ್ತನಳ ಎಡಗೈಯಲ್ಲಿ ಎರಡು ಬಳೆಗಳಿದ್ದವು. ಬಲಗೈಯಲ್ಲಿ ಒಂದೇ. ಬಿದ್ದಾಗ ಒಡೆದಿರಬೇಕೆಂದು ಪಂಚನಾಮೆಯಲ್ಲಿ ಬರೆದಿದ್ದರು. ಆದರೆ ರಸ್ತೆಯ ಮೇಲೆ, ಗುಂಡಿಯಲ್ಲಿ, ಅವಳ ಮೈಯ ಮೇಲೆ, ಎಲ್ಲಿಯೂ ಗಾಜಿನ ಒಂದು ಚೂರೂ ಸಿಕ್ಕಿರಲಿಲ್ಲ. ಮಣಿಕಟ್ಟಿನ ಮೇಲೆ ಗೀರೂ ಇರಲಿಲ್ಲ.

ಅಮ್ಮಯಮ್ಮನಿಗೆ ಒಪ್ಪಿಸಲೆಂದು ಮಗಳ ವಸ್ತುಗಳ ಕವರ್ ಜೀಪಿನಲ್ಲೇ ಇತ್ತು. ಅದನ್ನು ತರಿಸಿ, ಒಳಗಿದ್ದ ಬಳೆಯೊಂದನ್ನು ಗುಂಡಿಯಲ್ಲಿ ಸಿಕ್ಕಿದ ಬಳೆಯ ಮೇಲಿಟ್ಟಳು. ಅಂಚಿಗೆ ಅಂಚು ಕೂತಿತು. ಚುಕ್ಕಿಗೆ ಚುಕ್ಕಿ.

"ಕೀರ್ತನ ಗುಂಡಿಗೆ ಬೀಳಲಿಲ್ಲ," ಎಂದಳು ಭಾನುಪ್ರಿಯಾ, ನಿಧಾನವಾಗಿ, ಎಲ್ಲರಿಗೂ ಕೇಳುವಂತೆ. "ಗುಂಡಿ ತೆಗೆದಿದ್ದೇ ಅವಳು. ಮನೆ ಮನೆ ಮೀಟರ್ ಓದ್ತಿದ್ದವಳು. ಈ ಬೀದಿಗಳಿಗೆ ನೀರು ಯಾಕೆ ಬರ್ತಿಲ್ಲ ಅಂತ ಹುಡುಕಿಕೊಂಡು ಬಂದಿದ್ದಾಳೆ. ಪೈಪ್ ಕಂಡ ಮೇಲೆ ಹಾಗೇ ಬಿಟ್ಟು ಹೋಗಲಿಲ್ಲ. ನಿಮ್ಮ ಹತ್ರ ಕಲಿತ ಹಾಗೆ ಬಳೆ ಇಟ್ಟು, ಜಲ್ಲಿ ತುಂಬೋಕೆ ಶುರು ಮಾಡಿದ್ದಾಳೆ. ಅಷ್ಟರಲ್ಲಿ ಯಾರೋ ಬಂದಿದ್ದಾರೆ. ಸ್ಕೂಟರನ್ನ ಆಮೇಲೆ ತಂದು ಗುಂಡಿಗೆ ಹಾಕಿದ್ದು."

ಪಾಪಮ್ಮ ಜೀಪಿನ ಬಾಗಿಲು ಹಿಡಿದು ನಿಂತಿದ್ದಳು. "ನನ್ ಮಗಳೇ," ಅಂದಳು. "ಆಫೀಸ್ ಕೆಲ್ಸಕ್ಕೆ ಸೇರಿದ್ಮೇಲೂ ಮರೀಲಿಲ್ಲ ನೋಡು." ಸೆರಗಿನಿಂದ ಒಮ್ಮೆ ಮುಖ ಒರೆಸಿಕೊಂಡು ನವೀನ್‌ಕುಮಾರ್ ಕಡೆ ತಿರುಗಿದಳು. "ಈಗ ಹೇಳು ಸಾರ್. ಯಾರ್ ಗುಂಡಿ?"

ಆಗ ಅಮರ್ ಮತ್ತೆ ತಲೆ ಎತ್ತಿದ.

"ಮೇಡಮ್, ಇನ್ನೊಂದಿದೆ."

ಎರಡನೆಯದೂ ಹಸಿರು ಬಳೆಯೇ. ಅದಕ್ಕೆ ಕೂದಲಿನಷ್ಟು ತೆಳುವಾದ ಕೆಂಪು ಗೆರೆಯಿತ್ತು.

ಒಡೆದವಳು ಇಡಬೇಕು. ಎರಡು ಬಳೆ ಎಂದರೆ ಒಡೆದವರು ಇಬ್ಬರು. ಆ ಸಂಜೆ ಮಳೆಯಲ್ಲಿ ಕೀರ್ತನಳ ಜೊತೆ ಇನ್ನೊಬ್ಬಳಿದ್ದಳು. ಅವಳು ಬದುಕಿದ್ದಾಳೆ. ಒಂದು ವಾರದಿಂದ ಬಾಯಿ ಬಿಟ್ಟಿಲ್ಲ.

"ಅದು ನಂದು," ಎಂದಳು ಪಾಪಮ್ಮ ತಕ್ಷಣ. "ಆ ಗೆರೆ ನೋಡಿ, ನನ್ ಕೈಲಿರೋದೇ. ನಾನೇ ಅವಳ ಜೊತೆ ಅಗೆದಿದ್ದು. ಕರ್ಕೊಂಡ್ ಹೋಗಿ ನನ್ನ."

"ಈಗ ತಾನೆ ಗೊತ್ತಿಲ್ಲ ಅಂದ್ರಿ."

"ಸುಳ್ ಹೇಳ್ದೆ."

"ಹಾಕ್ಕೊಂಡು ತೋರಿಸಿ."

ಪಾಪಮ್ಮ ಬಳೆ ಇಸಿದುಕೊಂಡು ಬಲಗೈಗೆ ತೂರಿಸಿದಳು. ಬುಟ್ಟಿ ಹೊತ್ತು ಗಂಟುಗಟ್ಟಿದ ಆ ಕೈಯ ಬೆರಳ ಗೆಣ್ಣುಗಳ ಹತ್ತಿರ ಬಳೆ ನಿಂತುಬಿಟ್ಟಿತು. ಅವಳು ಒತ್ತಿದಳು. ಚರ್ಮ ಬೆಳ್ಳಗಾಯಿತು, ಬಳೆ ಒಳಹೋಗಲಿಲ್ಲ.

"ಶ್ರಾವಣಕ್ಕೆ ಬಳೆಗಾರ ಬಂದಾಗ ನಿಮ್ಮ ಜೊತೆ ಇದೇ ಗೆರೆಯ ಬಳೆ ತೊಟ್ಟವರು ಯಾರು?"

ಪಾಪಮ್ಮ ಮೂರು ಹೆಜ್ಜೆಗೆ ಗುಂಡಿ ಸುತ್ತಿ ಬಂದು, ಗ್ಯಾಂಗಿನ ಹೆಂಗಸರಿಗೆ ಬೆನ್ನು ಮಾಡಿ, ಎರಡೂ ಕೈ ಅಗಲಿಸಿ ನಿಂತಳು. ರೋಲರ್ ಮುಂದೆ ಕೂತಾಗ ಇದ್ದದ್ದೇ ಮುಖ.

"ಯಾರ ಕೈಗೂ ಬಳೆ ಹಾಕಿ ನೋಡಂಗಿಲ್ಲ. ಒಂದು ಹುಡುಗಿ ಹೋದ್ಲು. ಇನ್ನೊಬ್ಬಳನ್ನ ಎಲ್ರ ಮುಂದೆ ತೋರಿಸಿ ಕೊಡೋಕೆ ನಾನ್ ಒಪ್ಪಲ್ಲ. ಬೇಕಾದ್ರೆ ನನ್ನ ಮೇಲೇ ಬರ್ಕೊಳ್ಳಿ, ಹೆಬ್ಬೆಟ್ ಒತ್ತುತೀನಿ."

"ಅತ್ತೆ." ದಿವ್ಯ ಸೆರಗು ಸರಿಸಿದಳು. ಎಡಗೈ ತುಂಬ ಕೆಂಪು ಗೆರೆಯ ಬಳೆಗಳು. ಬಲಗೈಯಲ್ಲಿ ಒಂದು ಕಡಿಮೆ. "ಪಕ್ಕಕ್ಕೆ ಬನ್ನಿ ಅತ್ತೆ."

"ಸುಮ್ನಿರೇ."

"ಒಂದ್ ವಾರ ಸುಮ್ನಿದ್ದೆ. ನಿಮ್ಮನ್ನ ಜೈಲಿಗೆ ಹಾಕ್ತಾರೆ ಅಂದ್ರೂ ಹೆದರ್ಕೊಂಡು ಸುಮ್ನಿದ್ದೆ. ಸಾಕು." ಅವಳು ಅತ್ತೆಯ ಕೈಯನ್ನು ಕೆಳಗಿಳಿಸಿ ಮುಂದೆ ಬಂದಳು. "ಮೇಡಮ್, ಕೀರ್ತನ ಕೇಳಿದ್ಲು ಅಂತ ನಾನೇ ಪಿಕಾಸಿ ತಂದುಕೊಟ್ಟೆ. ಇಬ್ರೂ ಸೇರಿ ಅಗೆದ್ವಿ. ಪೈಪ್ ಫೋಟೊ ಹೊಡ್ಕೊಂಡ್ಲು. ಬಳೆ ಇಟ್ವಿ. ಇನ್ನೊಂದು ಬುಟ್ಟಿ ಜಲ್ಲಿಗೆ ನಾನು ರಾಶಿ ಹತ್ರ ಹೋದೆ. ಮಳೆ ಜೋರಾಗಿತ್ತು, ಮುಂದಿಂದು ಏನೂ ಕಾಣ್ತಿರ್ಲಿಲ್ಲ. ಆಗ ಒಂದು ಸದ್ದು ಕೇಳ್ತು. ಅವಳು ಒಂದ್ ಸಲ ಕೂಗಿದ್ಲು. ನಾನು ಓಡಿಬಿಟ್ಟೆ."

"ಎಂಥ ಸದ್ದು?"

"ಮಳೆಗಾಲದಲ್ಲಿ ಕೇಳಿಸಬಾರದ ಸದ್ದು ಮೇಡಮ್. ನನ್ನ ಭ್ರಮೆ ಅಂದ್ಕೊಂಡಿದ್ದೆ. ಷೆಡ್ಡಿಂದ ಹೊರಗೇ ಬಂದಿಲ್ಲ ಅಂತ ಎಲ್ರೂ ಹೇಳ್ತಿದ್ರಲ್ಲ." ಅವಳು ಬಲಗೈ ಎತ್ತಿ ತೋರಿಸಿದಳು. "ಈಗ ಬೆಳಿಗ್ಗೆಯಿಂದ ಕೇಳಿಸ್ತಿದೆಯಲ್ಲ, ಇದೇ ಸದ್ದು."

ಎಲ್ಲರೂ ತಿರುಗಿದರು.

ರೋಲರಿನ ಸೀಟು ಖಾಲಿಯಿತ್ತು.

ಆಸ್ಪತ್ರೆ ರಸ್ತೆಗೆ ಹೋಗಬೇಕಿದ್ದ ರೋಲರನ್ನು ಮೊದಲು ಈ ಗುಂಡಿಗೆ ತಂದವನು, ಗುರುವಾರ ಬೆಳಿಗ್ಗೆ ಶವ ಕಂಡೆನೆಂದು ಠಾಣೆಗೆ ಮೊದಲು ಫೋನ್ ಮಾಡಿದವನು, ಎಲ್ಲಿಯೂ ಕಾಣಲಿಲ್ಲ. ಅವನು ಉರುಳೆಗೆ ಅಡ್ಡ ಕೊಟ್ಟಿದ್ದ ಸೈಜುಗಲ್ಲು ರಸ್ತೆಯ ಬದಿಯಲ್ಲಿ ಬಿದ್ದಿತ್ತು.

ರೋಲರ್ ಚಲಿಸುತ್ತಿತ್ತು.

ನಡೆಯುವವರ ವೇಗಕ್ಕೆ, ಇಳಿಜಾರಿನಲ್ಲಿ, ಕೋಲ್ಡ್ ಮಿಕ್ಸ್ ಚೀಲಗಳನ್ನು ಬದಿಗೊತ್ತಿಕೊಂಡು ಅದು ನೇರ ಗುಂಡಿಯ ಕಡೆ ಬರುತ್ತಿತ್ತು. ಭೀಮರಾಜ್ ಬೈಕ್ ಬಿಟ್ಟು ಚರಂಡಿಗೆ ಹಾರಿದ. ಅಮರ್ ಗುಂಡಿಯಿಂದ ಮೇಲೇಳಲು ಹೋಗಿ ಒದ್ದೆ ಮಣ್ಣಿನಲ್ಲಿ ಜಾರಿ ಮತ್ತೆ ಬಿದ್ದ. ಭಾನುಪ್ರಿಯಾ ರೋಲರಿನ ಏಣಿಯ ಕಡೆ ಓಡಿದಳು.

ಅವಳಿಗಿಂತ ಮೊದಲೇ ಒಬ್ಬಳು ಓಡಿದ್ದಳು. ಪಾಪಮ್ಮ ಆ ಸೈಜುಗಲ್ಲನ್ನು ಎರಡೂ ಕೈಯಲ್ಲಿ ಎದೆಗವುಚಿ ಎತ್ತಿಕೊಂಡು, ಗುಂಡಿಗೂ ಉರುಳೆಗೂ ನಡುವೆ ಬಂದು ನಿಂತಳು.

"ಅತ್ತೇ!" ದಿವ್ಯ ಕಿರುಚಿದಳು.

"ಬರ್ಲಿ," ಎಂದಳು ಪಾಪಮ್ಮ, ಮಂಡಿಯೂರುತ್ತ. "ಬರ್ಲಿ ಬುಡು."

ಬೆಳಿಗ್ಗೆ ಅವಳು ಇದೇ ಜಾಗದಲ್ಲಿ ಕೂತಾಗ ಮೇಲೆ ಬ್ರೇಕ್ ಒತ್ತಲು ಒಬ್ಬನಿದ್ದ.